ಹದಿನಾರು ಪುಟವಿಲ್ಲದ ಪುಸ್ತಕ

ಅರವತ್ತನಾಲ್ಕನೆಯ ಪುಟದ ಮಗ್ಗುಲಲ್ಲೇ ಎಂಬತ್ತೊಂದನೆಯ ಪುಟ ಇರುವ ಹಳೆಯ ಪುಸ್ತಕವೊಂದು ನಿಮ್ಮಲ್ಲಿ ಯಾರದಾದರೂ ಮನೆಯ ಗೂಡಿನಲ್ಲಿದ್ದರೆ, ದಯವಿಟ್ಟು ಅದರ ಅಚ್ಚುಮೊಳೆ ಜೋಡಿಸಿದವಳನ್ನು ಬೈಯಬೇಡಿ. ಅವಳು ನಾನೇ. ಬೈಸಿಕೊಂಡು ಬೈಸಿಕೊಂಡು ನನಗೆ ರೂಢಿಯಾಗಿದೆ, ಅದು ಬೇರೆ ಮಾತು. ಈಗ ಎಪ್ಪತ್ತರ ಹತ್ತಿರ ಬಂದಿದ್ದೇನೆ, ಇನ್ನು ಯಾರು ಏನಂದರೂ ನನ್ನ ಕೂದಲು ಇದಕ್ಕಿಂತ ಬೆಳ್ಳಗಾಗುವುದಿಲ್ಲ.

ಆ ಪುಸ್ತಕ ಬರೆದವರು ತೀರಿಕೊಂಡು ಮೂರು ವರ್ಷವಾಯಿತು. ಅದನ್ನು ಮತ್ತೆ ಅಚ್ಚು ಹಾಕಿಸಬೇಕು, ಈ ಸಲವಾದರೂ ಪೂರ್ತಿಯಾಗಿ ಹಾಕಿಸಬೇಕು ಎಂದು ಅವರ ಮಗಳು ಗಜೇಂದ್ರಗಡದಿಂದ ನರಗುಂದಕ್ಕೆ, ನಮ್ಮ ಮನೆಗೆ, ಬಂದು ಹೋಗುತ್ತಿದ್ದಾಳೆ. ಹೋದ ತಿಂಗಳೂ ಬಂದಿದ್ದಳು. ಬಿಟ್ಟುಹೋದ ಹದಿನಾರು ಪುಟ ನನ್ನ ಟ್ರಂಕಿನಲ್ಲಿವೆ ಎಂಬುದು ಅವಳಿಗೆ ಗೊತ್ತು. ಕೊಡುವುದೋ ಬಿಡುವುದೋ ಎಂಬುದು ನನ್ನ ಕೈಯಲ್ಲಿದೆ ಎಂಬುದೂ ಗೊತ್ತು. ಅವಳಿಗೆ ನಾನು ಕೊಟ್ಟ ಉತ್ತರವನ್ನು ಕಡೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಅವಳ ಅಪ್ಪನನ್ನು ನೀವು ಸ್ವಲ್ಪ ನೋಡಬೇಕು. ಹೆಸರು ಹೇಳುವುದಿಲ್ಲ. ಪುಸ್ತಕದ ಮೇಲೂ ಅವರು ತಮ್ಮ ಹೆಸರನ್ನು ನನ್ನ ಹತ್ತಿರವಿದ್ದ ಅತಿ ಸಣ್ಣ ಮೊಳೆಯಲ್ಲೇ ಹಾಕಿಸಿದ್ದರು.

ಅದು ಐವತ್ತರ ದಶಕ. ಅವರದು ಸಿಡುಬಿನ ಲಸಿಕೆ ಹಾಕುವ ಸರಕಾರಿ ಕೆಲಸ. ಹುಟ್ಟಿದ್ದು ಗಜೇಂದ್ರಗಡದ ನೇಕಾರರ ಮನೆಯಲ್ಲಿ, ಕಚೇರಿ ರೋಣದಲ್ಲಿ, ಕಾಲು ಮಾತ್ರ ಎಲ್ಲ ಹಳ್ಳಿಗಳಲ್ಲಿ. ದೋತರ, ಮಾಸಿದ ಕೋಟು, ಕರಿ ಟೊಪ್ಪಿಗೆ, ಒಂದು ಕೈಯಲ್ಲಿ ಲಸಿಕೆಯ ಚರ್ಮದ ಪೆಟ್ಟಿಗೆ, ಇನ್ನೊಂದರಲ್ಲಿ ಕೊಡೆ. ನಮ್ಮ ಕಡೆ ಸಿಡುಬೆಂದರೆ ದೇವಿ, ಹಾಗಾಗಿ ಜನ ಅವರನ್ನು ‘ದೇವಿ ಹಾಕೋ ಸಾಹೇಬ್ರು’ ಎನ್ನುತ್ತಿದ್ದರು. ಅವರು ಊರ ಅಗಸಿ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಣವೆಯ ಹಿಂದೆ ಅಡಗುತ್ತಿದ್ದರು. ಬೇರೆ ಲಸಿಕೆಯವರು ತಳವಾರನನ್ನು ಕಳಿಸಿ ಅವರನ್ನು ಎಳೆದು ತರಿಸುತ್ತಿದ್ದರಂತೆ. ಇವರು ಕಟ್ಟೆಯ ಮೇಲೆ ಕೂತು, ಎದುರಿನ ಬೇವಿನ ಮರದಲ್ಲಿ ಯಾವ ಹಕ್ಕಿ ಎಷ್ಟು ಸಲ ಬಂದು ಹೋಯಿತು ಎಂದು ಗಟ್ಟಿಯಾಗಿ ಎಣಿಸುತ್ತಿದ್ದರು. ಇದೇನು ಎಣಿಸುತ್ತಾನಪ್ಪ ಈ ಮನುಷ್ಯ ಎಂದು ಮೊದಲು ಮುದುಕರು ಬರುವರು, ಆಮೇಲೆ ಮಕ್ಕಳು, ಆಮೇಲೆ ಮಕ್ಕಳನ್ನು ಹುಡುಕಿಕೊಂಡು ತಾಯಂದಿರು. ಅಷ್ಟರಲ್ಲಿ ಪೆಟ್ಟಿಗೆ ತೆರೆದಿರುತ್ತಿತ್ತು.

ಎಣಿಕೆ ಅವರ ರಕ್ತದಲ್ಲಿತ್ತು. ಮಗ್ಗದ ಎಳೆ ಎಣಿಸುತ್ತ ಬೆಳೆದವರು, ದಾರಿಯಲ್ಲಿ ಹೆಜ್ಜೆ ಎಣಿಸುವುದನ್ನು ಬಿಡಲಾರದೆ ಹೋದರು. ಯಾವ ಊರಿನ ಬಾವಿಯಿಂದ ಯಾವ ಗುಡ್ಡದ ಬುಡಕ್ಕೆ ಎಷ್ಟು ಹೆಜ್ಜೆ, ದಾರಿಯಲ್ಲಿ ಏನು ಹುಲ್ಲು, ಯಾವ ತಿಂಗಳು ಯಾವ ಹೂ, ಯಾರ ಮನೆಯಲ್ಲಿ ರೊಟ್ಟಿ ತಿಂದದ್ದು, ಆ ಮನೆಯವರು ಹೇಳಿದ್ದೇನು ಎಂಬುದೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹಾಗೆ ಹನ್ನೆರಡು ವರ್ಷ ಬರೆದದ್ದನ್ನು ಒಂದು ದಿನ ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಅಚ್ಚಿನ ಮನೆಗೆ ತಂದರು.

ನರಗುಂದದ ಗುಡ್ಡದ ಕೆಳಗಿನ ಓಣಿಯಲ್ಲಿ ನಮ್ಮದು ಪುಟ್ಟ ಅಚ್ಚಿನ ಮನೆ. ಹೊರಗಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಮಷಿನ್ನು, ಅದು ನಮ್ಮ ಮನೆಯವರದು. ಒಳಗಿನ ಕೋಣೆಯಲ್ಲಿ ಸೀಸದ ಮೊಳೆಗಳ ಕೇಸುಗಳು, ಅವು ನನ್ನವು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಮದುವೆಯಾಗಿ ಬಂದವಳು ನಾನು. ಇದ್ದ ಕಂಪೋಜಿಟರು ಒಂದು ದಿನ ಹೇಳದೆ ಕೇಳದೆ ಹುಬ್ಬಳ್ಳಿಗೆ ಹೋದ ಮೇಲೆ ಅಕ್ಷರ ಸಾಲುಗೂಡಿಸುವ ಕಡ್ಡಿಯನ್ನು ನಾನೇ ಕೈಗೆ ತೆಗೆದುಕೊಂಡೆ. ಮೊಳೆ ಜೋಡಿಸುವ ಹೆಂಗಸನ್ನು ನೋಡಲು ಸಂತೆಗೆ ಬಂದ ಜನ ಕಿಟಕಿಯಲ್ಲಿ ಇಣುಕುತ್ತಿದ್ದರು. ನೋಡಲಿ, ನನ್ನ ಪ್ರೂಫಿನಲ್ಲಿ ತಪ್ಪು ಹುಡುಕಿ ತೋರಿಸಲಿ ಎಂಬ ಜಂಬ ನನಗಿತ್ತು. ಆ ಜಂಬವೊಂದೇ ಆಗ ನನ್ನ ಆಸ್ತಿ ಎಂದರೂ ಸರಿ.

ಮದುವೆ ಪತ್ರಿಕೆ, ನಾಟಕದ ಹಸ್ತಪತ್ರ, ದಲಾಲಿ ಅಂಗಡಿಗಳ ಚೀಟಿ ಬಿಟ್ಟರೆ ನಾವು ಪುಸ್ತಕವೆಂಬುದನ್ನು ಮಾಡಿದವರೇ ಅಲ್ಲ. ನಮ್ಮ ಮನೆಯವರು ಕಟ್ಟನ್ನು ಬಿಚ್ಚಿ ನೋಡಿ, “ಕಾದಂಬರಿ ಏನ್ರಿ?” ಎಂದರು.

“ಅಲ್ರಿ. ಕಂಡಿದ್ದು.”

“ಹೆಸರೇನ ಇಡೂಣ್ರಿ?”

“ಕಾಲಳತೆ ಅಂತ ಇಡ್ರಿ. ನನ್ನ ಕಾಲು ಅಳದಷ್ಟ ಅದರಾಗ ಐತಿ, ಹೆಚ್ಚಿಂದೇನಿಲ್ಲ.”

ಅವರು ನನ್ನನ್ನು ‘ತಂಗೀ’ ಎಂದರು, ನಾನು ‘ಅಣ್ಣಾರ’ ಎಂದೆ. ಮೊದಲ ದಿನವೇ ನನ್ನ ತೋಳಿನ ಮೇಲಿನ ಸಿಡುಬಿನ ಲಸಿಕೆಯ ಕಲೆ ನೋಡಿ, “ಇದು ಯಾರ್ ಹಾಕಿದ್ದಂತ ಗೊತ್ತು. ಅವರ ಕೈ ಭಾಳ ಒರಟು,” ಎಂದು ನನ್ನ ಪರವಾಗಿ ನೊಂದುಕೊಂಡರು. ನನಗೆ ಆರು ವರ್ಷವಾಗಿದ್ದಾಗ ಆದ ನೋವಿಗೆ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಒಬ್ಬರು ಕ್ಷಮೆ ಕೇಳಿದಂತಿತ್ತು.

ಅವರ ಜೊತೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಅವರದೊಂದು ಪದ್ಧತಿ: ಯಾವುದನ್ನಾದರೂ ‘ಉಂಟು’ ಎಂದು ಬರೆಯಬೇಕಾದರೆ ಮೂರು ಸಲ ಹೋಗಿ ನೋಡಿರಬೇಕು. ‘ಇಲ್ಲ’ ಎಂದು ಬರೆಯುವುದಕ್ಕೂ ಮೂರು ಸಲವೇ. “ಒಮ್ಮೆ ಹ್ವಾದಾಗ ಕಾಣಲಿಲ್ಲಂದ್ರ ಅದು ನನ್ನ ಕಣ್ಣಿನ ತಪ್ಪು ಇರಬಹುದು. ಎರಡನೇ ಸಲ ಅದೃಷ್ಟದ್ದು. ಮೂರನೇ ಸಲಾನೂ ಕಾಣಲಿಲ್ಲಂದ್ರ, ಇಲ್ಲ ಅನ್ನಾಕ ಅಡ್ಡಿಯಿಲ್ಲ,” ಎನ್ನುತ್ತಿದ್ದರು. ಒಮ್ಮೆ ಶಿರೋಳದ ಬಾವಿಯ ಮೇಲಿನ ಜಾಲಿ ಮರದಲ್ಲಿ ಗೀಜಗನ ಗೂಡುಗಳಿವೆ, ಎಲ್ಲವೂ ಮರದ ಮೂಡಣ ಮಗ್ಗುಲಿಗೆ ಎಂದು ನಾನು ಜೋಡಿಸಿ ಮುಗಿಸಿದ್ದೆ. ಮಷಿನ್ನಿಗೆ ಮಸಿ ಹಚ್ಚಿಯಾಗಿತ್ತು. ಪ್ರೂಫು ನೋಡುತ್ತಿದ್ದವರು ಕನ್ನಡಕ ತೆಗೆದು ದೋತರದ ಚುಂಗಿನಿಂದ ಒರೆಸತೊಡಗಿದರು. ಅನುಮಾನ ಬಂತೆಂದರೆ ಅವರು ಮಾಡುತ್ತಿದ್ದದ್ದು ಅದನ್ನೇ.

“ತಂಗೀ, ಮೂರನೇ ಸಲ ಹ್ವಾದಾಗ ನಾ ಗೂಡು ಎಣಿಸೀನಿ ಖರೇ. ದಿಕ್ಕು ನೋಡಲಿಲ್ಲ ಅನಸ್ತೈತಿ. ಒಂದ ದಿನ ನಿಲ್ಲಸ್ರಿ.”

ಮರುದಿನ ಮಧ್ಯಾಹ್ನ ಮೊಣಕಾಲ ತನಕ ಕೆಸರು ಮಾಡಿಕೊಂಡು ಬಂದರು. ಏನು ತಿದ್ದಬೇಕೋ ಎಂದು ನಾನು ಚಿಮುಟ ಹಿಡಿದು ಕಾಯುತ್ತಿದ್ದೆ. “ಮೂಡಣಕ್ಕ ಐತಿ. ಹ್ಯಾಂಗ ಬರದೀನಿ ಹಂಗ ಇರ್ಲಿ,” ಎಂದರು. ನಮ್ಮ ಮನೆಯವರು ನಕ್ಕು ನಕ್ಕು ಮಷಿನ್ನಿನ ಮೇಲೆ ಬಿದ್ದರು. ನನಗೆ ಸಿಟ್ಟು ಬಂದಿತ್ತು. ಆಮೇಲೆ ರೊಟ್ಟಿ, ಶೇಂಗಾ ಚಟ್ನಿ ಬಡಿಸುವಾಗ ಅವರ ಮುಖ ನೋಡಿದೆ. ತಾನು ಬರೆದದ್ದು ಸರಿಯಿತ್ತು ಎಂಬುದಷ್ಟಕ್ಕೇ ಆ ಮನುಷ್ಯನಿಗೆ ಹಬ್ಬವಾಗಿತ್ತು.

ಇನ್ನೊಂದು ಪದ್ಧತಿ ಇದಕ್ಕಿಂತ ತ್ರಾಸಿನದು. ಯಾರ ವಿಷಯ ಬರೆದಿದ್ದಾರೋ ಅವರಿಗೆ ಆ ಪ್ರೂಫನ್ನು ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಅಚ್ಚು. ಪುಸ್ತಕದ ಅರ್ಧ ಜನ ಓದು ಬಾರದವರು. ಅವರ ಹೊಲಕ್ಕೆ, ಕುರಿದಡ್ಡಿಗೆ ಹೋಗಿ ಓದಬೇಕು. ಮೆಣಸಗಿಯಲ್ಲಿ ಹೊಳೆ ಬಂದಾಗ ಒಬ್ಬ ರೈತ ಕರುವನ್ನು ಹೆಗಲ ಮೇಲೆ ಹೊತ್ತುಕೊಂಡು ಬಣವೆಯ ಮೇಲೆ ಒಂದು ಹಗಲು ಕೂತಿದ್ದ. ನೀರು ಇಳಿದ ಮೇಲೆ ಅತ್ತ ಎಂದು ಇವರು ಬರೆದಿದ್ದರು. ಓದಿ ಹೇಳಿದಾಗ ಆತ, “ಅತ್ತಿದ್ದು ತಗೀರಿ, ನಾ ಅತ್ತಿಲ್ಲ,” ಎಂದನಂತೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಇರ್ಲಿ ಬಿಡ್ರಿ, ಅತ್ತಾನ. ನಾ ಕಂಡೀನಿ,” ಎಂದಳಂತೆ. ಗಂಡ ಹೆಂಡಿರ ಜಗಳದ ನಡುವೆ ಸಿಕ್ಕಿಬಿದ್ದು ಎರಡು ತಾಸು ಕೂತು, ಕಡೆಗೆ ಇಬ್ಬರೂ ಒಪ್ಪುವ ಹಾಗೆ ಬರೆದುಕೊಂಡು ಬಂದರು: ಆತ ತಾನು ಅಳಲಿಲ್ಲ ಎಂದು ಹೇಳಿದನು, ಆತನ ಹೆಂಡತಿ ಅತ್ತನೆಂದು ಹೇಳಿದಳು. ಪುಸ್ತಕದಲ್ಲಿ ಹಾಗೆಯೇ ಇದೆ. ಓದಿದವರೆಲ್ಲ ನಗುವುದು ಅಲ್ಲಿಯೇ, ಕಣ್ಣು ಒರೆಸಿಕೊಳ್ಳುವುದೂ ಅಲ್ಲಿಯೇ.

ಹೀಗೆ ನಾಲ್ಕು ಫಾರ್ಮು, ಅಂದರೆ ಅರವತ್ತನಾಲ್ಕು ಪುಟ, ಅಚ್ಚಾದವು. ಐದನೆಯ ಫಾರ್ಮಿನ ಹದಿನಾರು ಪುಟವೆಲ್ಲ ಒಂದೇ ಅಧ್ಯಾಯ. ಇಡೀ ಪುಸ್ತಕದಲ್ಲಿ ಅದರಷ್ಟು ಚಲೋ ಅಧ್ಯಾಯ ಇನ್ನೊಂದಿಲ್ಲ. ಜೋಡಿಸುವಾಗ ಓದಬಾರದು, ಓದಿದರೆ ಕೈ ನಿಲ್ಲುತ್ತದೆ ಎಂಬುದು ಕಂಪೋಜಿಟರರ ನಿಯಮ. ಅವತ್ತು ನನ್ನ ಕೈ ಮತ್ತೆ ಮತ್ತೆ ನಿಂತಿತು.

ಅದು ಎರೆಭೂತದ ಅಧ್ಯಾಯ. ಕರಿಯ ಎರೆ ನೆಲದಲ್ಲಿ ಥಟ್ಟನೆ ಎದ್ದು ನಿಲ್ಲುತ್ತದೆಂದು ನಮ್ಮ ಕಡೆ ಆ ದೊಡ್ಡ ಹಕ್ಕಿಗೆ ಹಾಗೆನ್ನುತ್ತಾರೆ. ಸೊಂಟದೆತ್ತರದ ಹಕ್ಕಿ, ಬಿಳಿ ಕತ್ತು, ತಲೆಯ ಮೇಲೆ ಕರಿ ಟೊಪ್ಪಿಗೆ. ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೆ ವರ್ಷಕ್ಕೆ ಒಂದೇ ತತ್ತಿ ಇಡುತ್ತದೆ, ಅದೂ ಮಳೆಗಾಲದಲ್ಲಿ. ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿ ಜೋಳಕ್ಕೆ ನೆಲ ಹದ ಮಾಡಲು ಕುಂಟೆ ಹೊಡೆಯುವುದೂ ಅದೇ ಮಳೆಗಾಲದಲ್ಲಿ. ಕುಂಟೆ ಹಾದರೆ ತತ್ತಿ ಚೂರು. ನೀಲವ್ವ ಎಂದು ನಾನು ಹೆಸರು ಬದಲಿಸಿ ಕರೆಯುವ ಒಬ್ಬ ಮುದುಕಿಯ ಹೊಲದಲ್ಲಿ ಮಾತ್ರ ಮೂರು ತಲೆಮಾರಿನಿಂದ ಕುಂಟೆ ಆ ಜಾಗಕ್ಕೆ ಬಂದಾಗ ಎತ್ತು ನಿಲ್ಲಿಸಿ, ಸುತ್ತ ಎರಡೆರಡು ಮಾರು ಬಿಟ್ಟು, ಬಳಸಿ ಹೋಗುತ್ತಾರೆ. ಬಿಟ್ಟ ನೆಲಕ್ಕೆ ಅವರ ಮನೆಯಲ್ಲಿ ‘ಹಕ್ಕಿ ಪಾಲು’ ಎಂದು ಹೆಸರು. ಊರಿನ ಹೆಸರು ನಾನು ಹೇಳುವುದಿಲ್ಲ. ಹಳ್ಳದ ಆಚೆ ಅನ್ನಿ, ಸಾಕು. ಆದರೆ ಅವರು ಆ ಅಧ್ಯಾಯದಲ್ಲಿ ಎಲ್ಲ ಹೇಳಿದ್ದರು. ಯಾವ ಊರು, ಯಾವ ಬೇವಿನ ಮರ, ಅಲ್ಲಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ. ಕಾಲಳತೆಯಲ್ಲವೆ!

ನೀಲವ್ವನಿಗೆ ಓದಿ ಹೇಳಬೇಕಿತ್ತು. ಆ ಸಲ ಮಳೆ ಬಿಡಲಿಲ್ಲ, ಹಳ್ಳ ದಾಟುವ ಹಾಗಿರಲಿಲ್ಲ. ಐದನೆಯ ಫಾರ್ಮನ್ನು ಹುರಿಯಿಂದ ಕಟ್ಟಿ ಹಲಗೆಯ ಮೇಲಿಟ್ಟು, ಆರನೆಯದರಿಂದ ಮುಂದಿನದಕ್ಕೆಲ್ಲ ಎಂಬತ್ತೊಂದರಿಂದ ಪುಟದ ಸಂಖ್ಯೆ ಹಾಕಿ ಅಚ್ಚು ಮುಗಿಸಿಬಿಟ್ಟೆವು. ಹಳ್ಳ ಇಳಿದ ಮೇಲೆ ನಡುವಿನದನ್ನು ಹಾಕಿ ಕಟ್ಟಿಬಿಡುವುದು ಎಂಬುದು ನಮ್ಮ ಲೆಕ್ಕ. ಅಷ್ಟೊಂದು ಮೊಳೆ ಹುರಿಯಲ್ಲಿ ಸಿಕ್ಕಿಕೊಂಡು, ಎರಡು ಮದುವೆ ಪತ್ರಿಕೆಗಳಿಗೆ ಅಕ್ಷರ ಸಾಲದೆ ನಾನು ಪಟ್ಟ ಪಾಡು ನನಗೇ ಗೊತ್ತು.

ಮಳೆ ಹೊಳವಾದಾಗ ನಾನೂ ಬರುತ್ತೇನೆ ಎಂದೆ. ಜೋಡಿಸಿದ ಹಕ್ಕಿಯನ್ನು ಒಮ್ಮೆ ನೋಡಬೇಕೆಂಬ ಹಟ. ಚಕ್ಕಡಿ ಕಟ್ಟಿಕೊಂಡು ನಾವು ಗಂಡ ಹೆಂಡತಿ, ಅವರು ಹೋದೆವು. ಬೇವಿನ ಮರದ ಕೆಳಗೆ ಅವರು ಕೈ ಮಾಡಿ ನಿಲ್ಲಿಸಿದರು. ದೂರದಲ್ಲಿ, ಕರಿ ನೆಲದ ಮೇಲೆ, ಊರ ಹಿರಿಯರೊಬ್ಬರು ತಮ್ಮ ಹೊಲ ನೋಡಲು ಬಂದ ಹಾಗೆ ಅದು ಹೆಜ್ಜೆ ಹಾಕುತ್ತಿತ್ತು. ಅದರ ಹಿಂದೆ ಮಣ್ಣಿನ ಬಣ್ಣದ ಒಂದು ಮರಿ. ನಮ್ಮ ಮನೆಯವರು ಕೈ ಮುಗಿದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ನೀಲವ್ವ ಮರದ ಬುಡದಲ್ಲಿ ಕೂತು ಹದಿನಾರು ಪುಟ ಪೂರ್ತಿ ಕೇಳಿದಳು. ತನ್ನ ಅತ್ತೆಯ ಮಾತು ಬಂದಾಗ ಸೆರಗು ಕಣ್ಣಿಗೆ ಒತ್ತಿಕೊಂಡಳು. ಮುಗಿದ ಮೇಲೆ, “ನನ್ನ ಮಾತೆಲ್ಲ ಖರೇ ಬರದೀರಿ. ಒಂದ ಕೇಳತೇನ್ರಿ. ಇದನ್ನ ಯಾರ್ ಓದತಾರ?” ಎಂದಳು.

“ಓದಾಕ ಬರೂ ಮಂದಿ, ಯವ್ವಾ.”

“ಬಂದೂಕ ಇದ್ದ ಮಂದಿಗೆ ಓದಾಕ ಬರೂದಿಲ್ಲೇನ್ರಿ?”

ಅವರು ಕನ್ನಡಕ ತೆಗೆದರು. ಮುದುಕಿ ತನ್ನ ಪಾಡಿಗೆ ಹೇಳುತ್ತ ಹೋದಳು. ಅವಳ ಮಗಳನ್ನು ಗಜೇಂದ್ರಗಡದ ಗುಡ್ಡದ ಕೆಳಗಿನ ಒಂದು ಹಳ್ಳಿಗೆ ಕೊಟ್ಟಿತ್ತು. “ಹ್ವಾದ ವರ್ಷ ಅಲ್ಲಿ ಜೀಪಿನಾಗ ಯಾರೋ ಬಂದಿದ್ರಂತ್ರಿ. ಕೈಯಾಗ ಪೇಪರದ ತುಣುಕು. ಅದನ್ನ ನೋಡಕೋತ ಬಾವಿಯಿಂದ ಹೆಜ್ಜಿ ಎಣಿಸಿಕೋತ ಹ್ವಾದ್ರಂತ. ಚಿಗರಿ ನೀರು ಕುಡ್ಯಾಕ ಬರೂ ತೆಗ್ಗಿಗೆ ನೆಟ್ಟಗ ಹೋಗಿ ನಿಂತ್ರಂತ. ಒಂದೂ ಉಳಿಲಿಲ್ಲಂತ್ರಿ. ಯಾವ ಪುಣ್ಯಾತ್ಮ ಬರದಿದ್ನೋ ಏನೋ.”

ಎಷ್ಟು ಹೊತ್ತು ಅವರು ಕನ್ನಡಕ ಒರೆಸಿದರೋ. ಆ ಚಿಗರಿ ಜಿಂಕೆಗಳ ಮೇಲೆ ವಾರಪತ್ರಿಕೆಯೊಂದಕ್ಕೆ ಸಣ್ಣ ಲೇಖನ ಬರೆದಿದ್ದವರು ಅವರೇ. ಆಮೇಲೆ ಎರಡು ಸಲ ಆ ತೆಗ್ಗಿಗೆ ಹೋಗಿ, ಚಿಗರಿ ಕಾಣದೆ, ಮೇವು ಸಾಲದೆ ಬೇರೆ ಕಡೆ ಹೋಗಿರಬೇಕು ಎಂದು ತಮ್ಮ ದಪ್ಪ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದರು.

“ಅದನ್ನ ಬರದಾಂವ ನಾನ, ಯವ್ವಾ,” ಎಂದರು.

ನೀಲವ್ವ ಗಾಬರಿಯಾಗಿ ಅವರ ಕೈ ಹಿಡಿದುಕೊಂಡಳು. “ಅಯ್ಯ, ನಿಮಗ ಅಂದಿದ್ದಲ್ರಿ ಸಾಹೇಬ್ರ,” ಎಂದು ಹತ್ತು ಸಲ ಅಂದಳು. ನರಗುಂದಕ್ಕೆ ಬರುವತನಕ ಚಕ್ಕಡಿಯಲ್ಲಿ ಅವರ ಎತ್ತಿನ ಹೆಜ್ಜೆಯೆಣಿಕೆ ಇರಲಿಲ್ಲ, ಹಕ್ಕಿಯೆಣಿಕೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಬಂದು, ಐದನೆಯ ಫಾರ್ಮು ಬೇಡ ಎಂದರು. ನಮ್ಮ ಮನೆಯವರು ಊರಿನ ಹೆಸರು, ಹೆಜ್ಜೆಯ ಲೆಕ್ಕ ಅಷ್ಟು ತೆಗೆದುಬಿಡೋಣ ಎಂದರು. “ನೀಲವ್ವನ ಹೆಸರು ಇದ್ರ ಊರು ಸಿಗತೈತಿ. ಆಕೀ ಹೆಸರು ತಗದ್ರ ಅದರಾಗ ಉಳಿಯೂದೇನು?” ಎಂದರು ಅಣ್ಣಾರು. ಹಾಗಾದರೆ ಬೇರೆ ಏನಾದರೂ ಹದಿನಾರು ಪುಟ ಬರೆದುಕೊಡಿ ಎಂದರು. “ಮೂರು ಸಲ ನೋಡಿದ್ದು ಇನ್ನೇನೂ ಉಳದಿಲ್ಲ.” ಕಡೇಪಕ್ಷ ಒಂದು ಸಾಲಾದರೂ ಹಾಕೋಣ, ಕಾರಣಾಂತರದಿಂದ ಒಂದು ಅಧ್ಯಾಯ ಬಿಟ್ಟಿದೆ ಎಂದು, ಎಂದರು. “ಏನ ಬಿಟ್ಟಾರ ಅಂತ ಹುಡುಕ್ಯಾಡಾಕ ಅಷ್ಟ ಸಾಕು.” ಉಳಿದ ಹಾಳೆಗಳೆಲ್ಲ ಅಚ್ಚಾಗಿ ಒಣಗಿ ಕೂತಿದ್ದವು. ಪುಟದ ಸಂಖ್ಯೆ ತಿದ್ದುವ ದಾರಿ ಇರಲಿಲ್ಲ.

ಆಮೇಲೆ ಅವರು ಒಳಗಿನ ಕೋಣೆಯ ಬಾಗಿಲಿಗೆ ಬಂದು ನಿಂತರು.

“ತಂಗೀ, ಹಿಂಗ ಕಟ್ಟಿಸಿದ್ರ ಮಂದಿ ನನಗ ಏನೂ ಅನ್ನೂದಿಲ್ಲ. ಮೊಳಿ ಜೋಡಿಸಿದಾಕಿ ತಪ್ಪಿಸ್ಯಾಳ ಅಂತಾರ. ನಿನ್ನ ಹೆಸರು ಕೆಡತೈತಿ. ಯಾಕ ಅಂತ ಹೇಳಾಕೂ ನಿನಗ ಬರೂದಿಲ್ಲ. ನೀ ಒಪ್ಪಿದ್ರ ಅಷ್ಟ.”

“ಒಪ್ಪದಿದ್ರ?”

“ಪುಸ್ತಕನ ಬ್ಯಾಡ.”

ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. “ಒಪ್ಪೂದಿಲ್ರಿ,” ಎಂದೆ. “ನಾಕು ವರ್ಷ ಕಣ್ಣು ಕೆಡಿಸಿಕೊಂಡು ಒಂದು ಹೆಸರು ಮಾಡೀನಿ. ಹೆಂಗಸಿನ ಕೈಯಾಗ ಅಚ್ಚು ಹ್ಯಾಂಗ ಬರತೈತಿ ನೋಡ್ರಿ ಅಂತ ನಗಾಕ ಮಂದಿ ಕಾಯಾಕತ್ಯಾರ. ನಿಮ್ಮ ಹಕ್ಕಿ ಸಲುವಾಗಿ ನಾ ಯಾಕ ನಗಸಿಕೊಳ್ಳಲಿ?”

“ಖರೇ ಐತಿ,” ಎಂದರು. ಕೊಡೆ ತೆಗೆದುಕೊಂಡು ಹೊರಟುಹೋದರು. ಬೇಡಿಕೊಳ್ಳಲಿಲ್ಲ, ಯಾರಿಂದಲೂ ಹೇಳಿಸಲಿಲ್ಲ.

ಎಂಟು ದಿನ ಆ ಹಾಳೆಗಳು ಹಾಗೇ ಬಿದ್ದಿದ್ದವು. ಹನ್ನೆರಡು ವರ್ಷದ ತಿರುಗಾಟ ನಮ್ಮ ಪಡಸಾಲೆಯಲ್ಲಿ ಧೂಳು ತಿನ್ನುತ್ತಿತ್ತು, ನನ್ನ ಒಂದು ಹೂಂಗಾಗಿ. ಒಪ್ಪಿಗೆ ಕೇಳದೆಯೇ ಕಟ್ಟಿಸಿಕೊಂಡು ಹೋಗಿದ್ದರೆ ನಾನೇನು ಮಾಡುವ ಹಾಗಿತ್ತು? ಅಷ್ಟು ದೊಡ್ಡ ಕೆಲಸ ಮಾಡಿದ ಮನುಷ್ಯ, ಅಷ್ಟು ಸಣ್ಣ ನನ್ನ ಹೆಸರನ್ನು ನೀಲವ್ವನ ಹೊಲದ ತತ್ತಿಯ ಹಾಗೆ ತುಳಿಯದೆ ಬಳಸಿ ಹೋಗುತ್ತಿದ್ದರು. ಅದು ತಿಳಿದ ದಿನ ನನ್ನ ಸಿಟ್ಟಿಗೆ ಕಾಲು ನಿಲ್ಲಲಿಲ್ಲ. ರೋಣಕ್ಕೆ ಒಂದು ಕಾರ್ಡು ಬರೆದೆ: ಪುಸ್ತಕ ಕಟ್ಟಿಸುತ್ತೇವೆ, ಬರ್ರಿ.

ಅವರು ಬಂದ ದಿನ ಹುರಿ ಬಿಚ್ಚಿ ಆ ಹದಿನಾರು ಪುಟದ ಮೊಳೆಗಳನ್ನು ಒಂದೊಂದಾಗಿ ಕೇಸಿನ ಮನೆಗಳಿಗೆ ಹಾಕಿದೆ. ಮಗ್ಗುಲಲ್ಲಿ ಕೂತು ನೋಡುತ್ತಿದ್ದರು. ಪ್ರೂಫಿನ ಎರಡು ಪ್ರತಿಗಳಿದ್ದವು. ಒಂದನ್ನು ಚೂರು ಚೂರು ಹರಿದು ಒಲೆಗೆ ಹಾಕಿದರು. ಇನ್ನೊಂದನ್ನು ನನಗೆ ಕೊಟ್ಟರು.

“ನಿನ್ನ ಕಡೆ ಇರ್ಲಿ. ಆ ಹಕ್ಕಿ ಅಲ್ಲಿ ಇರೂತನಕ ಯಾರಿಗೂ ಕೊಡಬ್ಯಾಡ. ಇಲ್ಲ ಅಂತ ಖಾತ್ರಿ ಆದ್ರ ಅಚ್ಚ ಹಾಕು. ಇಲ್ಲ ಅನ್ನಾಕ ಏನ ಮಾಡಬೇಕಂತ ನಿನಗ ಗೊತ್ತೈತಿ.”

“ಮೂರು ಸಲ.”

“ಮೂರು ಸಲ. ಮಳಿಗಾಲದಾಗ. ಮತ್ತ ತಂಗೀ, ನನ್ನ ಪುಸ್ತಕ ಎಂದೂ ಪೂರಾ ಆಗಬಾರದು ಅನ್ನೂದ ನನ್ನ ಆಶಾ.”

ಪುಸ್ತಕ ಹೊರಬಂತು. ಅವರು ಹೇಳಿದ ಹಾಗೆಯೇ ಆಯಿತು. ಕೊಂಡವರು ವಾಪಸು ತಂದರು. ಶಾಲೆಗಳಿಗೆ ಪುಸ್ತಕ ಆರಿಸುವವರು ಪುಟ ಬಿಟ್ಟ ಪುಸ್ತಕವೆಂದು ಬದಿಗಿಟ್ಟರು. ರೋಣದಲ್ಲಿ ಮಾಸ್ತರರೆಲ್ಲ ಸೇರಿ ಅವರಿಗೊಂದು ಸಣ್ಣ ಸತ್ಕಾರ ಇಟ್ಟುಕೊಂಡಿದ್ದರು. ನಾವು ಹಿಂದಿನ ಸಾಲಿನಲ್ಲಿದ್ದೆವು. ಮಾತಾಡಲು ಎದ್ದ ಹಿರಿಯರೊಬ್ಬರು ಪುಸ್ತಕವನ್ನು ಹೊಗಳಿ, ನಡುವೆ ಬಿಚ್ಚಿ ಹಿಡಿದು, “ಅರವತ್ನಾಕರಿಂದ ಒಮ್ಮೆಲೆ ಎಂಬತ್ತೊಂದಕ್ಕ ಜಿಗದೈತಿ ನೋಡ್ರಿ. ಇದನ್ನ ಜೋಡಿಸಿದವರು ಒಬ್ಬ ಹೆಣ್ಮಗಳಂತ. ನಡುವ ಒಲಿ ಮ್ಯಾಲಿನ ಹಾಲು ಉಕ್ಕಿರಬೇಕು!” ಎಂದರು. ಸಭೆ ನಕ್ಕಿತು. ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ.

ಅವರು ಎದ್ದು ನಿಂತರು. ಕೊರಳಲ್ಲಿ ಹಾರ ಇತ್ತು, ಅದನ್ನು ತೆಗೆದು ಮೇಜಿನ ಮೇಲಿಟ್ಟರು.

“ತಪ್ಪು ನಂದ್ರಿ. ಆ ತಂಗಿ ಜೋಡಿಸಿದ್ದರಾಗ ಒಂದೂ ಮೊಳಿ ತಪ್ಪಿಲ್ಲ. ಆ ಹದಿನಾರು ಪುಟ ಅಲ್ಲಿ ಇಲ್ಲದಿರಾಕ ನಾನ ಕಾರಣ. ನಗೂದಿದ್ರ ನನ್ನ ನೋಡಿ ನಗ್ರಿ.”

“ಅಂದ್ರ? ಎಲ್ಲೆರ ಕಳಕೊಂಡ್ರೇನ್ರಿ ಸಾಹೇಬ್ರ?” ಯಾರೋ ಕೂಗಿದರು.

ಅವರು ಸುಳ್ಳು ಹೇಳಲಾರರು, ನಿಜ ಹೇಳಲಾರರು. ಕಳೆದುಕೊಂಡಿದ್ದಾರೆ ಎಂದೇ ಎಲ್ಲರೂ ತಿಳಿದರು. ಊರೂರು ತಿರುಗುವ ಮನುಷ್ಯ, ಬಸ್ಸಿನಲ್ಲಿ ಬಿಟ್ಟಿರಬೇಕು ಎಂದು ಮತ್ತೆ ನಗೆ. ಗೂಡು ಮೂಡಣಕ್ಕಿದೆಯೇ ಎಂದು ನೋಡಲು ಶಿರೋಳಕ್ಕೆ ನಡೆದು ಹೋದವರು, ಸ್ವಂತ ಪುಸ್ತಕದ ಪುಟ ಕಳೆದುಕೊಂಡ ಅಡ್ಡಾದಿಡ್ಡಿ ಮನುಷ್ಯನಾಗಿ ಸಭೆಯ ಮುಂದೆ ನಿಂತಿದ್ದರು. ಕಿವಿ ಕೆಂಪಾಗಿತ್ತು. ಅವತ್ತು ನಾನು ಅತ್ತೆ, ಹಾಗೆಂದು ಬರೆಯಲು ನನ್ನ ಅಭ್ಯಂತರವಿಲ್ಲ. ಅಂಥ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಉಳಿದ ಪುಸ್ತಕಗಳನ್ನು ಅವರು ಲಸಿಕೆಯ ಪೆಟ್ಟಿಗೆಯ ಜೊತೆ ಹೊತ್ತುಕೊಂಡು ಹೋಗಿ, ಯಾರ ಯಾರ ಮಾತು ಅದರಲ್ಲಿದೆಯೋ ಅವರ ಮನೆಗಳಲ್ಲಿ ಕೊಟ್ಟು ಬಂದರು. ನೀಲವ್ವನಿಗೂ ಒಂದು ಕೊಟ್ಟರು. ಅವಳ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮುಂದೆ ಇನ್ನೊಂದು ಪುಸ್ತಕ ಅವರು ಬರೆಯಲಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೂ ದೀಪಾವಳಿಗೊಮ್ಮೆ ಒಂದು ಕಾರ್ಡು ಬರುತ್ತಿತ್ತು. ಕ್ಷೇಮ, ಹಕ್ಕಿ ಪಾಲು ಬಿಟ್ಟಿದ್ದಾರೆ, ಎಂದು ಎರಡು ಮಾತು. ಕಣ್ಣು ಮಂಜಾಗಿ ತಿರುಗಾಟ ನಿಂತ ಮೇಲೆ ಕ್ಷೇಮ ಎಂಬುದೊಂದೇ ಉಳಿಯಿತು.

ಅವರು ಹೋದ ಮೇಲೆ ಮಗಳು ಬಂದಳು. ಅಪ್ಪನ ಹಾಗೆಯೇ ಮಾತು ಕಡಿಮೆ, ಅದೇ ಕನ್ನಡಕ ಒರೆಸುವ ಚಟ. ಶರತ್ತು ಏನೆಂದು ಅವಳಿಗೆ ಅಪ್ಪ ಹೇಳಿದ್ದರು. ಹಿಂದಿನ ಮಳೆಗಾಲದ ಹಿಂದಿನ ಮಳೆಗಾಲ ಇಬ್ಬರೂ ಹೋದೆವು. ಬೇವಿನ ಮರ ಇದೆ. ನೀಲವ್ವ ಎಂದೋ ಹೋಗಿದ್ದಾಳೆ. ಹೊಲಕ್ಕೆ ಕಾಲುವೆಯ ನೀರು ಬಂದಿದೆ, ಗೋವಿನಜೋಳ ಆಳೆತ್ತರ ನಿಂತಿತ್ತು. ಹಕ್ಕಿ ಕಾಣಲಿಲ್ಲ. ನೀಲವ್ವನ ಮೊಮ್ಮಗನನ್ನು ಕೇಳಿದರೆ, “ನಾ ಸಣ್ಣಾಂವ ಇದ್ದಾಗ ನೋಡಿದ ನೆನಪು ಐತ್ರಿ,” ಎಂದ. ಹಿಂದಿನ ಮಳೆಗಾಲವೂ ಹೋದೆವು. ಬೆಳಗಿನಿಂದ ಹೊತ್ತು ಇಳಿಯುವತನಕ ಮರದ ಕೆಳಗೆ ಕೂತಿದ್ದೆವು. ಕಾಣಲಿಲ್ಲ.

ಈಗ ಮತ್ತೆ ಮಳೆಗಾಲ. ಹೋದ ತಿಂಗಳು ಬಂದವಳು ಚಾ ಕುಡಿದು, ಕಪ್ಪು ಕೆಳಗಿಟ್ಟು, ಕೇಳಿದಳು. “ಅತ್ತಿ, ಮೂರನೇ ಸಲ ಯಾವಾಗ ಹೋಗೂಣ್ರಿ? ಗಾಡಿ ತಗೊಂಡು ಬರತೇನಿ. ಇದೊಂದು ಸಲ ನೋಡಿ ಬಂದ್ರ ಅಪ್ಪನ ಪುಸ್ತಕ ಪೂರಾ ಆಗತೈತಿ.”

“ಮೊಣಕಾಲು ಭಾಳ ಬ್ಯಾನಿ ಐತವ್ವ,” ಎಂದೆ. “ಹೊಲದಾಗ ನಡಿಯಾಕ ಆಗೂದಿಲ್ಲ. ಬರೂ ವರ್ಷ ನೋಡೂಣು.”

ಅವಳು ನನ್ನ ಮೊಣಕಾಲನ್ನು ನೋಡಿದಳು. ಆಮೇಲೆ ನನ್ನ ಮುಖವನ್ನು ನೋಡಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, “ಆಗ್ಲಿರಿ. ಬರೂ ವರ್ಷನ ಹೋಗೂಣು,” ಎಂದಳು.

ಅವಳನ್ನು ಕಳಿಸಲು ಬಸ್‌ಸ್ಟ್ಯಾಂಡಿನ ತನಕ ನಡೆದುಕೊಂಡೇ ಹೋದೆ. ಬರುವಾಗ ಇನ್ನೂ ಹೊತ್ತಿತ್ತು, ಗುಡ್ಡದ ಬುಡ ಸುತ್ತು ಹಾಕಿಕೊಂಡು ಮನೆಗೆ ಬಂದೆ.